ಕೂತು ನೋಡದೆ ಆರಿಸಿದ ಪಿಸ್ತೂಲು

ಸೈನ್ಯಕ್ಕೆ ಹೊಸ ಪಿಸ್ತೂಲನ್ನು ಆರಿಸಿದ ಸಮಿತಿಯ ಅಧ್ಯಕ್ಷರಿಗೆ,

ಮಾನ್ಯರೇ,

ತಾವು ಆರಿಸಿದ ಪಿಸ್ತೂಲು ಇದುವರೆಗೆ ಎಷ್ಟು ಶತ್ರುಗಳನ್ನು ಉರುಳಿಸಿತೋ ನನಗೆ ಗೊತ್ತಿಲ್ಲ. ನನ್ನ ಅಕ್ಕನ ಮಗಳ ಬಲತೊಡೆಯನ್ನು ಮಾತ್ರ ಗುರಿ ತಪ್ಪದೆ ಹೊಡೆದಿದೆ. ಹೊಡೆದದ್ದು ಪಿಸ್ತೂಲು, ತಪ್ಪು ಅವಳದಂತೆ. ‘ಚಾಲಕಿಯ ಅಜಾಗರೂಕತೆ’ ಎಂದು ತಮ್ಮ ವಿಚಾರಣೆಯವರು ತೀರ್ಮಾನಿಸಿದ್ದಾರೆ. ಬರುವ ಸೋಮವಾರ ಅವಳು ಅದಕ್ಕೆ ಒಪ್ಪಿ ರುಜು ಹಾಕಬೇಕು. ಹಾಕಿದರೆ ಕೆಲಸ ಹೋಗುತ್ತದೆ, ಬದಲಿಗೆ ಬೇಜವಾಬ್ದಾರಿ ಎಂಬ ಬಿರುದು ಬರುತ್ತದೆ. ಅದೇ ವಾರ ತಾವು ಅದೇ ಪಿಸ್ತೂಲನ್ನು ಉಳಿದ ಸೈನ್ಯಕ್ಕೆಲ್ಲ ಹಂಚುವ ಆಜ್ಞೆಗೆ ರುಜು ಹಾಕಲಿದ್ದೀರೆಂದು ಪತ್ರಿಕೆಯಲ್ಲಿ ಓದಿದೆ. ಈ ಎರಡು ರುಜುಗಳಲ್ಲಿ ಒಂದಾದರೂ ನಿಲ್ಲಲಿ ಎಂದು ಬರೆಯುತ್ತಿದ್ದೇನೆ. ಎರಡೂ ನಿಂತರೆ ಬೇಸರವೇನಿಲ್ಲ.

ನಾನು ಯಾವ ದೊಡ್ಡ ಮನುಷ್ಯ ಎಂದು ತಾವು ಕೇಳಬಹುದು. ಹಳ್ಳಿಯ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ ಓದಿದವನು. ಇನ್ನು ಕಲಿಸುವುದಕ್ಕೆ ತಮ್ಮಲ್ಲಿ ಏನೂ ಉಳಿದಿಲ್ಲವೆಂದು ಮೇಷ್ಟ್ರೇ ಕೈಮುಗಿದು ಕಳಿಸಿಕೊಟ್ಟರು. ನನ್ನ ಹೆಂಡತಿ ಇದನ್ನು ಬೇರೆ ರೀತಿ ಹೇಳುತ್ತಾಳೆ, ಅವಳ ಮಾತಿಗೆ ಗಮನ ಕೊಡಬೇಡಿ. ಆಮೇಲೆ ಬದುಕಿನ ಬಹುಪಾಲನ್ನು ಲಾರಿಯ ಸೀಟಿನ ಮೇಲೆ ಕಳೆದೆ. ಎರಡೂ ಕಡೆ ಬೆರಳು ತೂರುವಷ್ಟೇ ಜಾಗವಿದ್ದ ಗಲ್ಲಿಯೊಳಗೆ ತುಂಬಿದ ಲಾರಿಯನ್ನು ಹಿಮ್ಮುಖವಾಗಿ ತಂದು ನಿಲ್ಲಿಸಿದ್ದೇನೆ. ತುಟಿಯಲ್ಲಿದ್ದ ಸಿಗರೇಟಿನ ಬೂದಿ ಕೂಡ ಉದುರಲಿಲ್ಲ. ಪಿಸ್ತೂಲಿನ ವಿಷಯದಲ್ಲಿ ನಾನು ಶುದ್ಧ ದಡ್ಡ. ಕೂರುವ ವಿಷಯ ಬೇರೆ. ಆ ವಿದ್ಯೆಯಲ್ಲಿ ನನ್ನನ್ನು ಮೀರಿಸುವವರಿದ್ದರೆ ಅದು ತಮ್ಮ ಸಮಿತಿ ಮಾತ್ರ, ಅದೂ ಮೆತ್ತನೆಯ ಕುರ್ಚಿಗಳಲ್ಲಿ.

ಆಯ್ಕೆ ಹೇಗೆ ನಡೆಯಿತೆಂದು ತಾವೇ ಅದೇ ಪತ್ರಿಕೆಯ ಸಂದರ್ಶನದಲ್ಲಿ ವಿವರಿಸಿದ್ದೀರಿ. ಪಿಸ್ತೂಲುಗಳನ್ನು ಕೆಸರಿನಲ್ಲಿ ಹೂತಿರಿ, ಮರಳಿನಲ್ಲಿ ಹೊರಳಿಸಿದಿರಿ, ಮಂಜುಗಡ್ಡೆಯಲ್ಲಿ ಮಲಗಿಸಿದಿರಿ. ಆಮೇಲೆ ನುರಿತ ಗುರಿಕಾರರು ಕಾಲಗಲಿಸಿ ನಿಂತು, ಎರಡೂ ಕೈ ಚಾಚಿ, ರಟ್ಟಿನ ಮನುಷ್ಯನ ಎದೆ ತೂತು ಮಾಡಿದರು. ಸೊಂಟದ ಚೀಲದಿಂದ ಕಣ್ಣು ಮಿಟುಕಿಸುವುದರೊಳಗೆ ಹೊರಬಂದ ಪಿಸ್ತೂಲೇ ಗೆದ್ದಿತು. ಬೇಗ ಬರಲೆಂದು ಚೀಲದ ಬಾಯನ್ನು ಅಗಲ ಮಾಡಿಸಿದಿರಿ. ಹಳೆಯ ಪಿಸ್ತೂಲಿಗೆ ಹೆಬ್ಬೆರಳಿನಿಂದ ಸರಿಸುವ ಒಂದು ಸುರಕ್ಷಾ ಕೀಲಿ ಇತ್ತು. ಅದನ್ನು ಸರಿಸುವಷ್ಟು ಹೊತ್ತೂ ವ್ಯರ್ಥವೆಂದು ಕೀಲಿಯಿಲ್ಲದ್ದನ್ನೇ ಆರಿಸಿದಿರಿ. ಟ್ರಿಗರ್ ಒತ್ತಿದರೆ ಸಾಕು, ಹಾರುತ್ತದೆ. ಯಾರು ಒತ್ತಿದರು, ಏನು ಒತ್ತಿತು ಎಂದು ಅದು ವಿಚಾರಿಸುವುದಿಲ್ಲ.

ಸ್ವಾಮಿ, ಸೈನ್ಯದಲ್ಲಿ ಪಿಸ್ತೂಲು ಕೊಡುವುದು ಯಾರಿಗೆ? ಎರಡೂ ಕೈ ಖಾಲಿಯಿದ್ದವನಿಗೆ ಬಂದೂಕು ಕೊಡುತ್ತೀರಿ. ಕೈಯಲ್ಲಿ ಬೇರೆ ಕೆಲಸವಿದ್ದವರಿಗೆ ಪಿಸ್ತೂಲು: ಗಾಡಿ ಓಡಿಸುವವರಿಗೆ, ಗಾಯಕ್ಕೆ ಬಟ್ಟೆ ಕಟ್ಟುವವರಿಗೆ, ನಿಸ್ತಂತು ಪೆಟ್ಟಿಗೆಯ ಮುಂದೆ ಕೂತವರಿಗೆ. ಅವರಲ್ಲಿ ದಿನವಿಡೀ ಕಾಲಗಲಿಸಿ ನಿಂತಿರುವವರು ಯಾರು? ಅಷ್ಟೆಲ್ಲ ಕೆಸರು ಕಲಸಿದ ಸಮಿತಿಗೆ ಒಂದು ಸೀಟು ತಂದಿಟ್ಟು, ಒಬ್ಬ ಚಾಲಕನನ್ನು ಕೂರಿಸಿ, ಬೆಲ್ಟು ಹಾಕಿಸಿ, ‘ಈಗ ಇಳಿಯಪ್ಪ’ ಎನ್ನಲು ಏನಾಗಿತ್ತು?

ನನ್ನ ಈ ಮುದ್ದಿನ ಸೋದರಸೊಸೆ ಸೈನ್ಯದಲ್ಲಿ ಆಂಬುಲೆನ್ಸ್ ಓಡಿಸುತ್ತಾಳೆ. ಜೊತೆಯವರು ಅವಳನ್ನು ಬ್ರೇಕಮ್ಮ ಎಂದು ಕರೆಯುತ್ತಾರೆ. ನರಪಿಳ್ಳೆ ಇಲ್ಲದ ರಸ್ತೆಯಲ್ಲೂ ಕೆಂಪು ದೀಪ ಕಂಡರೆ ನಿಲ್ಲುವವಳು. ‘ಪಿಸ್ತೂಲು ಸದಾ ಬಲಸೊಂಟದಲ್ಲಿ, ಗುಂಡು ತುಂಬಿ, ಇರತಕ್ಕದ್ದು’ ಎಂದು ತಮ್ಮ ನಿಯಮ ಹೇಳಿತು, ಅವಳು ಇಟ್ಟುಕೊಂಡಳು. ಬಾಗಿಲಿನ ಕಡೆಯಿಂದ ಗಾಡಿಯ ಸೀಟುಬೆಲ್ಟು ಹಾದುಬರುವುದೂ ಅದೇ ಬಲಸೊಂಟದ ಮೇಲೆ. ಒಬ್ಬ ರೋಗಿಯನ್ನು ಇಳಿಸಲು ಅವಸರದಲ್ಲಿ ಕೊಂಡಿ ಬಿಚ್ಚಿ ಬಾಗಿಲಿನತ್ತ ಹೊರಳಿದಳು. ಸಡಿಲವಾದ ಬೆಲ್ಟಿನ ಅಂಚು ತಾವು ಅಗಲ ಮಾಡಿಸಿದ ಚೀಲದ ಬಾಯೊಳಗೆ ನುಗ್ಗಿ ಟ್ರಿಗರಿಗೆ ಸಿಕ್ಕಿತು. ಅವಳು ಇಳಿದಳು, ಬೆಲ್ಟು ಎಳೆಯಿತು. ಗುಂಡು ತೊಡೆಯ ಮೇಲಿನಿಂದ ಹೊಕ್ಕು ಮೊಣಕಾಲಿನವರೆಗೆ ಹೋಯಿತು. ಆ ಕಾಲು ಈಗ ಮಡಚುವುದಿಲ್ಲ.

ವಿಚಾರಣೆಯವರ ತರ್ಕ ನೇರವಾಗಿದೆ. ಇದೇ ಪಿಸ್ತೂಲನ್ನು ಅವಳ ದಳದ ಚಾಲಕರೆಲ್ಲ ಧರಿಸುತ್ತಾರೆ, ಇನ್ನಾರಿಗೂ ಹೀಗಾಗಿಲ್ಲ, ಆದ್ದರಿಂದ ತಪ್ಪು ಅವಳದು. ಓದಿದಾಗ ಒಂದು ಗಳಿಗೆ ನನಗೂ ಸರಿಯೆಂದೇ ಅನಿಸಿತು. ಕೊನೆಗೆ ಬಡಗಿಯ ಹತ್ತಿರ ಹೋಗಿ ಪತ್ರಿಕೆಯ ಚಿತ್ರ ತೋರಿಸಿ, ಟ್ರಿಗರ್ ಅಲ್ಲಾಡುವ ಒಂದು ಮರದ ಪಿಸ್ತೂಲು ಮಾಡಿಸಿಕೊಂಡೆ. ಯಾವ ಬ್ಯಾಂಕಿಗೆ ಹೊರಟಿದ್ದೀಯ, ನನಗೂ ಒಂದು ಪಾಲಿಡು ಎಂದ ಆ ಪುಣ್ಯಾತ್ಮ. ಬಾಯಗಲದ ಚೀಲವನ್ನು ಹೆಂಡತಿಯೇ ಹಳೆಯ ಕೈಚೀಲ ಕತ್ತರಿಸಿ ಹೊಲಿದುಕೊಟ್ಟಳು. ಈ ವಯಸ್ಸಿನಲ್ಲಿ ದರೋಡೆಕೋರನ ಹೆಂಡತಿಯಾಗುವುದೊಂದು ಬಾಕಿ ಇತ್ತು ಎಂದು ಗೊಣಗಿದಳು. ಅದನ್ನು ಸೊಂಟಕ್ಕೆ ಕಟ್ಟಿ ನನ್ನ ಲಾರಿಯಲ್ಲಿ ಕೂತೆ, ಬೆಲ್ಟು ಹಾಕಿದೆ, ಬಿಚ್ಚಿದೆ, ಇಳಿದೆ. ಮಧ್ಯಾಹ್ನದ ಊಟಕ್ಕೆ ಮೊದಲೇ ಬೆಲ್ಟು ಟ್ರಿಗರ್ ಎಳೆದು ನಾನು ಎರಡು ಸಲ ಸತ್ತಿದ್ದೆ. ಊಟವಾದ ಮೇಲೆ ಹೊಟ್ಟೆ ಮುಂದೆ ಬಂದು ಇನ್ನೂ ಬೇಗ ಸತ್ತೆ.

ಹಾಗಾದರೆ ಉಳಿದ ಚಾಲಕರು ಹೇಗೆ ಬದುಕಿದ್ದಾರೆ? ಇದಕ್ಕೆ ಉತ್ತರ ಆಸ್ಪತ್ರೆಯ ಪಡಸಾಲೆಯಲ್ಲಿ ಸಿಕ್ಕಿತು. ಅವಳ ಜೊತೆಯ ಚಾಲಕನೊಬ್ಬ ಹಣ್ಣು ಹಿಡಿದು ನೋಡಲು ಬಂದಿದ್ದ, ದಪ್ಪ ಮೀಸೆಯ ಆಳು. ಒಳಗೆ ಅವಳ ಮುಂದೆ ಕೂರಲಾರದೆ ಹೊರಗೆ ಬಂದು ಗೋಡೆ ನೋಡುತ್ತ ನಿಂತ. ನಾನು ಮರದ ಪಿಸ್ತೂಲಿನ ಪ್ರತಾಪವನ್ನೆಲ್ಲ ಅವನ ಮುಂದೆ ಕೊಚ್ಚಿಕೊಂಡೆ. ಅವನು ನಗಲಿಲ್ಲ.

“ಮಾವ, ನಾವ್ಯಾರೂ ಅದನ್ನ ಸೊಂಟದಲ್ಲಿ ಇಟ್ಕೊಳ್ಳೋದೇ ಇಲ್ಲ. ಗಾಡಿ ಹತ್ತಿದ ತಕ್ಷಣ ಬಿಚ್ಚಿ, ಬಟ್ಟೆ ಸುತ್ತಿ, ಸೀಟಿನ ಕೆಳಗೆ ತಳ್ತೀವಿ. ಸಾಹೇಬ್ರು ಕಂಡ್ರೆ ಕಟ್ಕೋತೀವಿ. ಅವಳಿಗೂ ಹೇಳಿದ್ವಿ. ರೂಲ್ಸ್ ಅಂದ್ಳು.”

ಇದನ್ನು ವಿಚಾರಣೆಯಲ್ಲಿ ಹೇಳುತ್ತೀಯಾ ಎಂದೆ. ಹೇಳಿದರೆ ಅವನ ಮೇಲೂ, ದಳದ ಎಲ್ಲರ ಮೇಲೂ ನಿಯಮ ಮುರಿದ ಆರೋಪ ಬೀಳುತ್ತದೆ. ಮನೆಯಲ್ಲಿ ಎಳೆ ಕೂಸಿದೆ ಎಂದ. ನಾನೇ ಹೇಳುತ್ತೇನೆಂದು ಒಳಗೆ ನುಗ್ಗಿದೆ. ಅವಳು ಹಾಸಿಗೆಯಿಂದ ಕತ್ತೆತ್ತಿ ನನ್ನ ಮುಖ ನೋಡಿದಳು.

“ಒಬ್ಬರ ಹೆಸರು ನಿನ್ನ ಬಾಯಿಂದ ಬಂದ್ರೆ ನಂಗೂ ನಿಂಗೂ ಮಾತಿಲ್ಲ ಮಾವ. ನನ್ನ ಕಾಲು ಹೋಗಿದೆ. ಅವ್ರ ಅನ್ನ ಯಾಕೆ ಹೋಗ್ಬೇಕು?”

ಆದ್ದರಿಂದ ಮಾನ್ಯರೇ, ಇಲ್ಲಿ ಯಾರ ಹೆಸರೂ ಇಲ್ಲ, ದಳದ ಗುರುತೂ ಇಲ್ಲ. ದಪ್ಪ ಮೀಸೆಯನ್ನು ಹುಡುಕಿಸಲು ಹೊರಡಬೇಡಿ. ಅದನ್ನು ಬೋಳಿಸಿ ಆಗಿದೆ. ‘ಈ ಪಿಸ್ತೂಲಿನ ಬಗ್ಗೆ ಒಂದೇ ಒಂದು ದೂರು ಬಂದಿಲ್ಲ’ ಎಂದು ತಾವು ಸಂದರ್ಶನದಲ್ಲಿ ಎದೆಯುಬ್ಬಿಸಿದಿರಲ್ಲ, ಆ ಮಾತಿಗೆ ಬರುತ್ತೇನೆ. ದೂರು ಹೇಗೆ ಬಂದೀತು? ದೂರು ಕೊಡಬೇಕಾದವನು ಮೊದಲು ‘ನಾನು ನಿಯಮ ಮುರಿದಿದ್ದೇನೆ’ ಎಂದು ಒಪ್ಪಿಕೊಳ್ಳಬೇಕು. ತಮ್ಮ ಪಿಸ್ತೂಲು ಇಷ್ಟು ದಿನ ಸುರಕ್ಷಿತವಾಗಿ ಕಂಡದ್ದು ಯಾರೂ ಅದನ್ನು ತಾವು ಹೇಳಿದಂತೆ ಧರಿಸದೇ ಇದ್ದುದರಿಂದ. ಹೇಳಿದಂತೆ ಧರಿಸಿದ ಒಬ್ಬಳು ಆಸ್ಪತ್ರೆಯಲ್ಲಿದ್ದಾಳೆ. ನಿಯಮ ಮುರಿದವರೆಲ್ಲ ಜಾಗರೂಕರು, ಪಾಲಿಸಿದವಳು ಅಜಾಗರೂಕಳು: ಇಂಥ ತೀರ್ಪು ಕೊಡಲು ಎಷ್ಟು ಓದಿರಬೇಕು? ಏಳನೆಯ ತರಗತಿಗೆ ನಿಲ್ಲಿಸಿದ್ದು ಒಳ್ಳೆಯದೇ ಆಯಿತು ಎಂದು ಮೊದಲ ಸಲ ಅನಿಸಿದೆ.

ಇನ್ನೊಂದು ಮಾತು. ಪಿಸ್ತೂಲನ್ನು ಕೊಟ್ಟಿರುವುದು ಆಪತ್ತಿಗೆ. ನಿಜವಾದ ಆಪತ್ತು ಬಂದ ದಿನ ಅದು ಸೀಟಿನ ಕೆಳಗೆ ಬಟ್ಟೆಯೊಳಗೆ ಮಲಗಿರುತ್ತದೆ. ಕಣ್ಣು ಮಿಟುಕಿಸುವುದರೊಳಗೆ ಹೊರಬರುವ ತಮ್ಮ ಪಿಸ್ತೂಲಿಗಾಗಿ ಚಾಲಕ ನೆಲಕ್ಕೆ ಬಗ್ಗಿ ತಡಕಾಡುತ್ತಿರುತ್ತಾನೆ. ಆ ದಿನ ವಿಚಾರಣೆಯವರು ಯಾರ ಅಜಾಗರೂಕತೆ ಎಂದು ಬರೆಯುತ್ತಾರೆ? ಸತ್ತವನದೇ ಇರಬೇಕು, ಅವನು ಎದುರಾಡುವುದಿಲ್ಲ.

ನನ್ನ ಬೇಡಿಕೆ ಇಷ್ಟು. ಸೋಮವಾರಕ್ಕೆ ಮೊದಲು ಚಾಲಕರನ್ನೆಲ್ಲ ಮೈದಾನದಲ್ಲಿ ಸೇರಿಸಿ. ಏನು ಹೇಳಿದರೂ ಯಾರಿಗೂ ಶಿಕ್ಷೆಯಿಲ್ಲವೆಂದು ತಾವೇ ಎಲ್ಲರೆದುರು ಮಾತು ಕೊಟ್ಟು, ಗಾಡಿ ಓಡಿಸುವಾಗ ನಿಮ್ಮ ಪಿಸ್ತೂಲು ಎಲ್ಲಿರುತ್ತದೆ ಎಂದು ಕೇಳಿ. ಸೊಂಟದಲ್ಲಿ ಎಂದು ಎಲ್ಲರೂ ಹೇಳಿದರೆ ನಾನೇ ಅವಳ ಕೈಹಿಡಿದು ರುಜು ಹಾಕಿಸುತ್ತೇನೆ. ಇಲ್ಲವಾದರೆ ಅವಳ ಮೇಲಿನ ಮಾತನ್ನು ಅಳಿಸಿ, ಅವಳು ಕೂತು ಮಾಡಬಹುದಾದ ಕೆಲಸ ಕೊಡಿ, ಹಂಚಿಕೆಯ ಆಜ್ಞೆಯನ್ನು ತಡೆಹಿಡಿಯಿರಿ. ಇದು ದಯೆಯ ಪ್ರಶ್ನೆಯಲ್ಲ, ತಮ್ಮ ಅನುಕೂಲದ್ದೇ. ಆ ಇಡೀ ದಳದಲ್ಲಿ ತಮ್ಮ ಮಾತನ್ನು ನಂಬಿದವಳು ಅವಳೊಬ್ಬಳು. ಅವಳನ್ನೂ ಮನೆಗೆ ಕಳಿಸಿದರೆ ತಮ್ಮ ನಿಯಮವನ್ನು ಪಾಲಿಸುವವರು ಅಲ್ಲಿ ಒಬ್ಬರೂ ಉಳಿಯುವುದಿಲ್ಲ.

ಇಂತಿ,
ರಸ್ತೆಯ ನಿಯಮಗಳನ್ನೆಲ್ಲ ಅವಳಿಗೆ ಅಕ್ಕರೆಯಿಂದ ಕಲಿಸಿ, ಈಗ ಕೈ ಕೈ ಹಿಸುಕಿಕೊಳ್ಳುತ್ತಿರುವ
ಅವಳ ಸೋದರಮಾವ