ಹಿಂದಿನ ಬಾಗಿಲು

ಅಪ್ಪಾ,

ನೀನು ತೀರಿಕೊಂಡು ವರ್ಷ ತುಂಬಿತು. ಆದರೂ ಇದನ್ನು ನಿನಗೇ ಹೇಳಬೇಕು.

ಒಂದು ಸೆಮಿಸ್ಟರ್ ಓದಲು ಈ ಪರದೇಶಕ್ಕೆ ಬಂದವಳು ದಿನಾ ಬಸ್ಸಿನಲ್ಲೇ ಲ್ಯಾಬಿಗೆ ಹೋಗುತ್ತೇನೆ. ಇವತ್ತು ನಾನು ಇಳಿದ ಮೇಲೂ ಡ್ರೈವರ್ ಬಸ್ಸು ಬಿಡಲಿಲ್ಲ. ಹಿಂದಿನ ಕಾರುಗಳು ಹಾರ್ನ್ ಹೊಡೆದರೂ, ನಾನು ರಸ್ತೆ ದಾಟುವವರೆಗೆ ನಿಲ್ಲಿಸಿಕೊಂಡೇ ಇದ್ದ.

ನೀನು ಓಡಿಸುತ್ತಿದ್ದ ಬಸ್ಸೂ ನಮ್ಮ ಕಾಲೇಜಿನೆದುರು ಹಾಗೇ ನಿಲ್ಲುತ್ತಿತ್ತು. "ಹೊರಡಿ ಸಾರ್, ಲೇಟಾಯ್ತು" ಎಂದು ಕಂಡಕ್ಟರ್ ರೇಗಿದರೆ, "ಇರಪ್ಪಾ, ಮಕ್ಕಳು ದಾಟ್ಲಿ" ಅನ್ನುತ್ತಿದ್ದೆ ನೀನು. ಡ್ರೈವರ್ ಮಗಳೆಂದು ಗೆಳತಿಯರಿಗೆ ಗೊತ್ತಾಗಬಾರದೆಂದು ಮೂರು ವರ್ಷವೂ ನಾನು ಹಿಂದಿನ ಬಾಗಿಲಿನಿಂದಲೇ ಇಳಿದೆ. ನೀನು ಕನ್ನಡಿಯಲ್ಲಷ್ಟೇ ನೋಡುತ್ತಿದ್ದೆ. ಮನೆಯಲ್ಲಿ ಒಂದು ದಿನವೂ ಆ ಮಾತು ಎತ್ತಲಿಲ್ಲ.

ಇವತ್ತು ರಸ್ತೆಯ ಆಚೆ ಬದಿಗೆ ಹೋಗಿ, ತಿರುಗಿ ಕೈ ಬೀಸಿದೆ. ಆ ಡ್ರೈವರಿಗೆ ನಾನು ಯಾರೋ ಏನೋ. ಆದರೂ ಎಲ್ಲರೆದುರೇ ಕೈ ಎತ್ತಿದ, ಅಪ್ಪಾ.