ಕೆಂಪು ದಾರದ ಗುಂಡಿ

ಭಾನುವಾರ, ಮಧ್ಯಾಹ್ನ

ನನ್ನ ಜಗಳಗಂಟಿ ತಂಗಿಗೆ ಅಕ್ಕನ ಮುದ್ದು,

ನಿನ್ನ ಪತ್ರ ತಲುಪಿತು. ಜೊತೆಗಿದ್ದ ಪುಟ್ಟ ಫೋಟೊವನ್ನು ಕನ್ನಡಿಯ ಚೌಕಟ್ಟಿಗೆ ಸಿಕ್ಕಿಸಿದ್ದೇನೆ. ಪತ್ರ ಓದಿ ಮಾತ್ರ ಮೈಯೆಲ್ಲ ಉರಿದುಹೋಯಿತು. "ನೀನು ಸರಿಯಾಗಿ ಕಲೀಲಿಲ್ಲ, ಅದಕ್ಕೇ ಆಸ್ಪತ್ರೇಲಿ ಬಟ್ಟೆ ಒಗೀತಿದ್ದೀಯ" ಎಂದು ಬರೆದಿದ್ದೀಯಲ್ಲ, ಇರಲಿ. ನನ್ನನ್ನು ಏನು ಬೇಕಾದರೂ ಅನ್ನು. ಆದರೆ ಅಮ್ಮನ ಹೊಲಿಗೆ ಯಂತ್ರ ಮಾರಿ ಆ ಗಾಜಿನ ಬಾಗಿಲಿನ ಕಂಪ್ಯೂಟರ್ ಇನ್‌ಸ್ಟಿಟ್ಯೂಟಿಗೆ ಸುರಿಯಬೇಡ.

ಅಲ್ಲಿ ನಾನು ಕಲಿತದ್ದು ಹೇಗೆ ಗೊತ್ತೇ? ಒಂದು ಕಂಪ್ಯೂಟರಿಗೆ ಮೂವರು. ಒಬ್ಬಳು ಕೀಲಿ ಒತ್ತುವುದು, ಇನ್ನಿಬ್ಬರು ಅವಳ ಬೆನ್ನ ಹಿಂದೆ ನಿಂತು ಕತ್ತು ಚಾಚುವುದು. ಮೇಷ್ಟ್ರುಗಳು ಬದಲಾಗುತ್ತಲೇ ಇದ್ದರು. ಹೊಸಬರು ಬಂದಾಗಲೆಲ್ಲ ಮತ್ತೆ ಮೊದಲ ಪಾಠ. ಕಂಪ್ಯೂಟರ್ ಆನ್ ಮಾಡುವುದರಲ್ಲಿ ನನ್ನನ್ನು ಮೀರಿಸುವವರು ಈ ಭೂಮಿಯ ಮೇಲಿಲ್ಲ.

ಅಲ್ಲಿನ ಗೋಡೆಯ ಮೇಲೆ ಕೋಟು ತೊಟ್ಟು ನಗುತ್ತಿರುವ ನನ್ನ ಫೋಟೊ, ಕೆಳಗೆ 'ಆಸ್ಪತ್ರೆಯಲ್ಲಿ ಉದ್ಯೋಗ' ಎಂಬ ಬರಹ ನೋಡಿ ನೀನು ಮರುಳಾಗಿದ್ದೀಯ. ಅವರು ಬರೆದದ್ದು ಸುಳ್ಳೇನಲ್ಲ, ಹೊದಿಕೆ ಒಗೆಯುವುದೂ ಉದ್ಯೋಗವೇ. ಆದರೆ ಆ ಫೋಟೊ ತೆಗೆದದ್ದು ಕೋರ್ಸು ಮುಗಿದ ಮೇಲಲ್ಲ ಕಣೆ, ಸೇರಿದ ದಿನ. ಪೂರ್ತಿ ಫೀಸು ಕಟ್ಟಿದ ಕೂಡಲೇ ಒಳಗೆ ಕರೆದು, ಬಾಗಿಲ ಹಿಂದೆ ನೇತುಹಾಕಿದ ಕರಿ ಕೋಟನ್ನು ತೊಡಿಸುತ್ತಾರೆ. ಎಲ್ಲರಿಗೂ ಅದೊಂದೇ ಕೋಟು. ದೊಗಲೆಯಾದರೆ ಹಿಂದಿನಿಂದ ಬಟ್ಟೆ ಕ್ಲಿಪ್ಪು ಸಿಕ್ಕಿಸಿ ಬಿಗಿ ಮಾಡುತ್ತಾರೆ. ನನ್ನ ಸರದಿ ಬಂದಾಗ ನಡುವಿನ ಗುಂಡಿ ಕಿತ್ತು ಬಂತು. ಹೊಲಿಯುವವಳ ಮಗಳಲ್ಲವೇ, ಚೀಲದಲ್ಲಿ ಸೂಜಿ ಇತ್ತು, ಸಿಕ್ಕಿದ್ದು ಕೆಂಪು ದಾರ, ನಿಂತಲ್ಲೇ ಹೊಲಿದುಕೊಟ್ಟೆ. ಫೋಟೊ ಆದ ಮೇಲೆ, ಕಟ್ಟಿದ ಫೀಸು ವಾಪಸು ಕೊಡುವುದಿಲ್ಲವೆಂದು ನಗುನಗುತ್ತಾ ಹೇಳಿದರು.

ನಾನು ಸೇರು ಎನ್ನುತ್ತಿರುವ ಸಮುದಾಯ ಕಾಲೇಜಿನ ಸೂರು ಸೋರುತ್ತದೆ, ಯಂತ್ರಗಳೆಲ್ಲ ಮುದಿಯಾಗಿವೆ, ಎರಡು ವರ್ಷ ಹಿಡಿಯುತ್ತದೆ, ಎಲ್ಲ ನಿಜ. ಆದರೆ ನಮ್ಮ ಆಸ್ಪತ್ರೆಯ ದಾಖಲೆ ವಿಭಾಗದಲ್ಲಿ ಕುಳಿತಿರುವ ಹುಡುಗಿ ಅಲ್ಲಿ ಓದಿದವಳು. "ಕೆಟ್ಟು ನಿಂತ ಕಂಪ್ಯೂಟರ್ನೇ ಬಿಚ್ಚಿಸಿ ಕಲಿಸ್ತಿದ್ರು ಅಕ್ಕ, ಊಟಕ್ಕಿಂತ ಬೈಗುಳ ತಿಂದಿದ್ದೇ ಜಾಸ್ತಿ" ಎಂದಳು. ಅದೇ ಕೆಲಸಕ್ಕೆ ನಾನೂ ಹೋಗಿದ್ದೆ. ಅಧಿಕಾರಿ ನನ್ನ ಸರ್ಟಿಫಿಕೇಟಿನ ಹೊಂಬಣ್ಣದ ಮುದ್ರೆಯನ್ನು ಉಗುರಿನಿಂದ ಕೆರೆದು ನೋಡಿ, "ಇದನ್ನ ಇಲ್ಲಿ ಯಾರೂ ಲೆಕ್ಕಕ್ಕೆ ತಗೊಳಲ್ಲಮ್ಮ" ಎಂದು ಹಿಂತಿರುಗಿಸಿದರು. ಅಮ್ಮನ ಬರಿಗೈ ನೆನಪಾಗಿ ಅಲ್ಲೇ ಅಳು ಬಂತು. ನನ್ನ ಓದಿಗೆ ಅವಳ ಬಳೆ ಹೋಯಿತು. ಯಂತ್ರವೂ ಹೋದರೆ ಅವಳ ಅನ್ನವೇ ಹೋಗುತ್ತದೆ.

ಮೊನ್ನೆ ಅಮ್ಮ ಫೋನಿನಲ್ಲಿ, "ಸೊಂಟ ಹಿಡ್ಕೊಂಡಿದೆ, ಈ ವಾರ ಹೊಲಿಗೆ ಮುಟ್ಟಿಲ್ಲ" ಎಂದಳು. ಸ್ವಲ್ಪ ಎಣ್ಣೆ ಹಚ್ಚಿ ತಿಕ್ಕು. ಯಂತ್ರಕ್ಕೂ ಒಂದು ಹನಿ ಬಿಡು, ಸುಮ್ಮನೆ ನಿಂತರೆ ಬಿಗಿದುಕೊಳ್ಳುತ್ತದೆ. ಕಾಲೇಜಿಗೆ ಅರ್ಜಿ ಹಾಕಲು ಇನ್ನೂ ಸಮಯವಿದೆ. ರಜೆ ಸಿಕ್ಕ ಕೂಡಲೇ ಬರುತ್ತೇನೆ, ಇಬ್ಬರೂ ಹೋಗಿ ಸೇರಿಸಿ ಬರೋಣ. ಅಲ್ಲಿಯ ತನಕ ತಾಳು, ನನ್ನ ತಾಯಿ.

ಇಂತಿ ನಿನ್ನ,
ಬಟ್ಟೆ ಒಗೆಯುವ ಅಕ್ಕ

ತಾ.ಕ.: ಲಕೋಟೆ ಅಂಟಿಸುವ ಮುನ್ನ ನಿನ್ನ ಮುಖವನ್ನು ಇನ್ನೊಮ್ಮೆ ನೋಡೋಣವೆಂದು ಫೋಟೊವನ್ನು ಕಿಟಕಿಯ ಬೆಳಕಿಗೆ ಹಿಡಿದೆ. ಎಷ್ಟು ಚೆಂದ ನಕ್ಕಿದ್ದೀಯೆ. ನೀನು ತೊಟ್ಟ ಕರಿ ಕೋಟು ಯಾರೋ ಗೆಳತಿಯದಿರಬೇಕು ಅಂದುಕೊಂಡಿದ್ದೆ. ನಡುವಿನ ಗುಂಡಿಯ ದಾರ ಕೆಂಪಗಿದೆ. ಅಮ್ಮನ ಸೊಂಟಕ್ಕೆ ಏನೂ ಆಗಿಲ್ಲ, ಅಲ್ಲವೇನೆ?