ಕೆಮ್ಮಿನ ನೆಪ

ಅಕ್ಕಾ,

ನನಗೆ ಕೆಮ್ಮು ಬಂದೇ ಇರಲಿಲ್ಲ. ನಿನ್ನ ಕ್ಲಿನಿಕ್ಕಿಗೆ ಬಂದಾಗಲೆಲ್ಲ ಹೇಳಿದ್ದು ಸುಳ್ಳು. ಉಚ್ಚೆ ಹೊಯ್ಯುವಾಗ ಬೆಂಕಿ ಇಟ್ಟಂತೆ ಉರಿಯುತ್ತದೆ, ಕೀವು ಬರುತ್ತದೆ. ಒಳಚಡ್ಡಿ ಅಮ್ಮನ ಕೈಗೆ ಸಿಗದಂತೆ ನಾನೇ ಒಗೆದುಕೊಳ್ಳುತ್ತಿದ್ದೇನೆ. ಅವಳೋ, ಮಗನಿಗೆ ಕೊನೆಗೂ ಬುದ್ಧಿ ಬಂತೆಂದು ಬೀದಿಗೆಲ್ಲ ಹೇಳಿಕೊಂಡು ಬರುತ್ತಿದ್ದಾಳೆ.

ಶಾಲೆ ಬಿಟ್ಟಾಗ ಮೊದಲು ನಿನಗೇ ಹೇಳಿದ್ದೆ. ಇದನ್ನು ಹೇಳಲಾಗಲಿಲ್ಲ. ಕೌಂಟರಿನಲ್ಲಿ ಕೂತ ನೀನು ಜನರನ್ನು ಹೆಸರು ಹಿಡಿದು ಕರೆಯುವುದಿಲ್ಲ, ಕಾಯಿಲೆ ಹಿಡಿದು ಕರೆಯುತ್ತೀಯ. "ಮಂಡಿನೋವು, ಒಳಗ್ ಹೋಗಿ! ಏ ಭೇದಿ, ಸ್ವಲ್ಪ ತಡ್ಕೊಳಪ್ಪ!" ಬೆಂಚಿನವರೆಲ್ಲ ನಗುತ್ತಾರೆ, ನಾನೂ ನಕ್ಕಿದ್ದೇನೆ. ನನ್ನ ಸರದಿ ಬಂದಾಗ ಬಾಯಿಗೆ ಬಂದದ್ದು ಕೆಮ್ಮು. ಡಾಕ್ಟರ ಕೋಣೆಗೂ ಬರೀ ಪರದೆ, ಅಲ್ಲೂ ಕೆಮ್ಮಿದೆ. ಅವರು ಕೊಟ್ಟ ಔಷಧಿ ಬಾಟಲಿಗಳು ಗ್ಯಾರೇಜಿನ ಹಳೇ ಟೈರುಗಳೊಳಗೆ ಬಿದ್ದಿವೆ. ಈಗ ಗಾಲಿ ಬಿಚ್ಚಲು ಕುಕ್ಕರುಗಾಲಲ್ಲಿ ಕೂರಲೂ ಆಗುತ್ತಿಲ್ಲ.

ಇದು ನನ್ನೊಬ್ಬನದಲ್ಲ. ಬೇಕರಿಯ ಹುಡುಗಿಗೂ ಹೀಗೇ ಆಗಿರಬಹುದು. ನಿನ್ನೆ ಅವಳಿಗೆ ಎಲ್ಲ ಹೇಳಿದೆ. "ನಿಮ್ಮಕ್ಕನ ಬಾಯಿಗೆ ಬೀಳೋದಕ್ಕಿಂತ ಸಾಯೋದೇ ವಾಸಿ ಕಣೋ" ಅಂದಳು. ಊರಾಚೆ ಹೋಗಲು ಅವಳನ್ನು ಮನೆಯಲ್ಲಿ ಬಿಡುವುದಿಲ್ಲ. ಅವಳಿಗಿರುವುದು ನಿನ್ನ ಕ್ಲಿನಿಕ್ಕೊಂದೇ.

ತಲೆನೋವೆಂದು ಹೇಳಿಕೊಂಡು ಬರಲು ಅವಳನ್ನು ಕಷ್ಟಪಟ್ಟು ಒಪ್ಪಿಸಿದ್ದೇನೆ. ಬಂದರೆ ಏನೂ ಕೇಳಬೇಡ, ಕೂಗಬೇಡ. ಬೆಂಚು ಖಾಲಿಯಾದ ಮೇಲೆ ಸುಮ್ಮನೆ ಒಳಗೆ ಕಳಿಸು. ನಿನ್ನ ಕಾಲು ಹಿಡಿಯುತ್ತೇನೆ ಅಕ್ಕಾ, ಅವಳನ್ನು ವಾಪಸು ಹೋಗಲು ಬಿಡಬೇಡ. ಬೈಯುವುದಿದ್ದರೆ ನಾನು ಬಂದ ಮೇಲೆ ನನಗೆ ಬೈ.

ನಾಳೆ ಬೆಳಗಿನ ಬಸ್ಸಿಗೆ ದೊಡ್ಡಾಸ್ಪತ್ರೆಗೆ ಹೊರಡುತ್ತಿದ್ದೇನೆ.

ನಿನ್ನ ತಮ್ಮ